ಮುಖ ಬಿಟ್ಟು ಉಳಿದದ್ದು

ಕಾಗದದ ಮೇಲೆ ನಾನು ಬಿಡಿಸುವ ಮನುಷ್ಯರು ಚಿಕ್ಕವರಾಗುತ್ತಾ ಹೋದರು. ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಹಾಗೆ. ಮುಂಚೆ ಒಂದು ಹಾಳೆಗೆ ಒಬ್ಬಳೇ ಹೆಂಗಸು, ತಲೆಯಿಂದ ಹಿಮ್ಮಡಿಯವರೆಗೆ ಹಾಳೆ ತುಂಬ ನಿಂತುಕೊಳ್ಳುತ್ತಿದ್ದಳು. ಬರುಬರುತ್ತಾ ಅದೇ ಅಳತೆಯ ಹಾಳೆಯ ಒಂದು ಮೂಲೆಯಲ್ಲಿ ಬಸ್‌ಸ್ಟ್ಯಾಂಡಿನ ಅಷ್ಟೂ ಜನ ಇರುವೆ ಸಾಲಿನ ಹಾಗೆ ಸೇರಿಕೊಳ್ಳತೊಡಗಿದರು. ನಾನು ಅದನ್ನು ವಯಸ್ಸಿನ ಜಿಪುಣತನ ಅಂದುಕೊಂಡೆ. ಪೇಪರ್ ಉಳಿಯಿತಲ್ಲ, ಗುಡ್ ಫಾರ್ ಮಿ, ಎಂದು ಹೆಮ್ಮೆಪಟ್ಟಿದ್ದೂ ಉಂಟು.

ನಾನು ಮಧುಗಿರಿಯವಳು. ಓದಿದ್ದು ತುಮಕೂರಿನಲ್ಲಿ, ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಸಿರಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ರಿಟೈರ್ ಆದೆ. ಮದುವೆ ಆಗಲಿಲ್ಲ, ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಸುಮ್ಮನೆ ಆಗಲಿಲ್ಲ. ಬೆಟ್ಟದ ಕೆಳಗಿನ ಬೀದಿಯಲ್ಲಿ ನಮ್ಮ ಮನೆ. ಸಂಜೆ ಆದಮೇಲೂ ಬೆಟ್ಟದ ಬಂಡೆ ಹಗಲಿನ ಬಿಸಿಯನ್ನು ಹಿತ್ತಿಲಿಗೆ ಊದುತ್ತಿರುತ್ತದೆ. ತಮ್ಮ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದವರು ನಾನು ಮತ್ತು ಅವನ ಹೆಂಡತಿ ವನಜಾ.

ಮನುಷ್ಯರ ಚಿತ್ರ ಬರೆಯುವುದನ್ನು ನನಗೆ ಕಲಿಸಿದ್ದು ಬೋರ್ಡಿಂಗಿನಲ್ಲಿದ್ದ ಸಿಸ್ಟರ್ ಬೆನೆಡಿಕ್ಟಾ. ಶನಿವಾರ ಮಧ್ಯಾಹ್ನ ನಮ್ಮನ್ನು ಮೈದಾನದ ಅಂಚಿನಲ್ಲಿ ಕೂರಿಸಿ, ಥ್ರೋಬಾಲ್ ಆಡುವ ಹುಡುಗಿಯರನ್ನು ಬರೆಯಿರಿ ಎನ್ನುತ್ತಿದ್ದರು. ಅವರು ಚಪ್ಪಾಳೆ ತಟ್ಟಿದರೆ ಶುರು, ಅರ್ಧ ನಿಮಿಷಕ್ಕೆ ಇನ್ನೊಂದು ಚಪ್ಪಾಳೆ, ಮುಗಿಯಿತು. ಜೆಸ್ಚರ್ ಡ್ರಾಯಿಂಗ್ ಅಂದರೆ ಅಷ್ಟೇ. ಆಳು ಅಲುಗಾಡುವ ಮುಂಚೆ ಅವಳ ಇಡೀ ಮೈಯ ಓಟವನ್ನು ಹಿಡಿಯಬೇಕು. ನೆತ್ತಿಯಿಂದ ಬೆನ್ನುಮೂಳೆಗುಂಟ ಇಳಿದು, ಭಾರ ಬಿದ್ದಿರುವ ಕಾಲಿನವರೆಗೆ ಒಂದೇ ಗೆರೆ. ಆಮೇಲೆ ಭುಜ, ಸೊಂಟ, ಕೈ. ಮುಖ ಮಾತ್ರ ಬರೆಯುವ ಹಾಗಿಲ್ಲ. ‘ದಿ ಫೇಸ್ ಕ್ಯಾನ್ ವೇಟ್, ಗರ್ಲ್ಸ್. ದಿ ಬ್ಯಾಕ್ ವಿಲ್ ನಾಟ್,’ ಎನ್ನುತ್ತಿದ್ದರು. ಮುಖ ಕಾದೀತು, ಬೆನ್ನು ಕಾಯುವುದಿಲ್ಲ. ಮುಖಕ್ಕೆ ಕೈ ಹಾಕಿದವರು ಕಣ್ಣು ಮೂಗಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಅಷ್ಟರಲ್ಲಿ ಮನುಷ್ಯ ಎದ್ದು ಹೋಗಿರುತ್ತಾನೆ ಎಂಬುದು ಅವರ ಲೆಕ್ಕ.

ಅದು ನನಗೆ ಅಭ್ಯಾಸವಾಗಿ, ಆಮೇಲೆ ಚಟವಾಯಿತು. ಗೌಡಗೆರೆ ಕಡೆ ಕಡಲೆಕಾಯಿ ಕೀಳುವ ಹೆಂಗಸರು, ಬುಕ್ಕಾಪಟ್ಟಣದ ರಸ್ತೆಯಲ್ಲಿ ಕೋಲಿನ ಮೇಲೆ ಮೈಭಾರ ಬಿಟ್ಟು ನಿಲ್ಲುವ ಕುರಿಗಾಹಿಗಳು, ಬಸ್ಸಿಗೆ ಕಾಯುವವರು, ಬಸ್ಸು ತಪ್ಪಿಸಿಕೊಂಡವರು. ಒಮ್ಮೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಮುದುಕನೊಬ್ಬ ಬಗ್ಗಿ ನೋಡಿ, ‘ಇದು ನಾನಾ? ಮೂತಿ ಎಲ್ಲೋಯ್ತಮ್ಮ?’ ಅಂದ. ‘ಮೂತಿ ನಿನ್ನತ್ರಾನೇ ಐತಲ್ಲಪ್ಪ,’ ಅಂದೆ. ಅವನು ಮತ್ತೊಮ್ಮೆ ನೋಡಿ, ಸೊಂಟ ಮಾತ್ರ ತನ್ನದೇ ಎಂದು ಒಪ್ಪಿಕೊಂಡ.

ಇಷ್ಟನ್ನೆಲ್ಲ ಹೇಳಿದ್ದು ಯಾಕೆಂದರೆ, ನಾನು ಮಾತ್ರ ಮಾಡಬಹುದಾದ ಒಂದು ತಪ್ಪನ್ನು ಮಾಡಿದೆ. ಜೀವಮಾನವಿಡೀ ಬೆನ್ನು, ಭುಜ, ಮೊಣಕೈ ನೋಡಿದವಳಿಗೆ ಮುಖ ನೋಡುವ ರೂಢಿ ತಪ್ಪಿಹೋಗಿತ್ತು. ಕನ್ನಡಿಯ ಮುಂದೆ ತಲೆ ಬಾಚಿಕೊಂಡರೆ ಬೈತಲೆ ನೆಟ್ಟಗಿದೆಯಾ ನೋಡಿ ಬರುತ್ತಿದ್ದೆ. ಚಿತ್ರ ಕುಗ್ಗಿದ್ದು ನನಗೆ ಕಾಣಿಸಿತು. ಆಮೇಲೆ ಬಲಗೈ ಹೆಬ್ಬೆರಳು ತಾನೇ ತಾನಾಗಿ ಬೀಡಿ ಸುತ್ತುವ ಹಾಗೆ ಆಡತೊಡಗಿದ್ದೂ ಕಾಣಿಸಿತು. ನನ್ನ ಮುಖ ನಿಂತುಹೋದದ್ದು ಕಾಣಿಸಲಿಲ್ಲ.

ಕೈ ನಡುಕವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಸಾಕಷ್ಟು ಕಾಲ ಕಳೆದೆ. ಕಾನ್ವೆಂಟಿನಲ್ಲಿ ಕಲಿತದ್ದು: ನಿನ್ನ ತೊಂದರೆ ನಿನ್ನದು, ಮೇಕ್ ನೋ ಫಸ್. ಕೊನೆಗೆ ಸಾರು ಬಡಿಸುವಾಗ ಸೌಟು ತಟ್ಟೆಯ ಅಂಚಿಗೆ ಟಕಟಕ ಬಡಿದದ್ದನ್ನು ವನಜಾ ಕೇಳಿಸಿಕೊಂಡಳು. ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮರುದಿನ ತಾನೇ ವಿಚಾರಿಸಿ ತುಮಕೂರಿನ ನರರೋಗದ ಡಾಕ್ಟರ ಹತ್ತಿರ ಹೆಸರು ಬರೆಸಿದಳು.

ಆ ವೇಟಿಂಗ್ ರೂಮನ್ನು ನಾನು ಮರೆಯುವುದಿಲ್ಲ. ಗೋಡೆಗುಂಟ ಕಬ್ಬಿಣದ ಕುರ್ಚಿಗಳು, ಒಂದಕ್ಕೊಂದು ಬೆಸೆದವು. ಒಬ್ಬರು ಕಾಲು ಕುಣಿಸಿದರೆ ಸಾಲಿಗೆ ಸಾಲೇ ಅದುರುವುದು. ಅಲ್ಲಿ ಅದುರುವವರಿಗೆ ಬರವಿರಲಿಲ್ಲ. ಎದುರಿಗೆ ಕೂತಿದ್ದ ಯಜಮಾನರೊಬ್ಬರ ಕೈ ನನ್ನ ಕೈಯ ಹಾಗೇ ಬೀಡಿ ಸುತ್ತುತ್ತಿತ್ತು. ಅವರೂ ನನ್ನದನ್ನು ನೋಡಿದರು. ಇಬ್ಬರೂ ನೋಡದವರ ಹಾಗೆ ಕತ್ತು ತಿರುಗಿಸಿದೆವು. ಭಯ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಸಾಯುವ ಭಯವಲ್ಲ, ನಾಳೆ ನಾನು ಹೇಗಿರುತ್ತೇನೆ ಎಂಬುದು ಎದುರಿನ ಕುರ್ಚಿಯಲ್ಲಿ ಕೂತಿರುವ ಭಯ.

ಭಯವಾದಾಗ ನಾನು ಬರೆಯುತ್ತೇನೆ. ಬ್ಯಾಗಿನಿಂದ ಪೆನ್ಸಿಲ್ ತೆಗೆದು ಕೈಗೆ ಸಿಕ್ಕಿದ ಕಾಗದದ ಹಿಂಬದಿಯಲ್ಲಿ ಪಕ್ಕದಲ್ಲಿದ್ದ ವನಜಾಳನ್ನೇ ಬರೆದೆ. ಗೆರೆ ನಡುಗಿತು, ಪರವಾಗಿಲ್ಲ, ನಡುಕದ ನಡುವೆಯೂ ಓಟ ಸಿಕ್ಕಿತು. ಮುಗಿಸಿ ಕಾಗದವನ್ನು ದೂರ ಹಿಡಿದು ನೋಡಿದೆ. ಕಾಗದದ ಮೇಲಿನ ಹೆಂಗಸು ತನ್ನ ಪಕ್ಕದವಳಿಂದ ಆದಷ್ಟೂ ದೂರ ವಾಲಿಕೊಂಡಿದ್ದಳು. ವ್ಯಾನಿಟಿ ಬ್ಯಾಗನ್ನು ಹೊಟ್ಟೆಗೆ ಒತ್ತಿಹಿಡಿದಿದ್ದಳು. ಎರಡೂ ಪಾದ ಬಾಗಿಲ ಕಡೆಗಿದ್ದವು. ಹೊರಟು ನಿಂತವರನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಸಲ ಬರೆದಿಲ್ಲ! ಇವಳು ಹೊರಟು ನಿಂತಿದ್ದಾಳೆ ಅನ್ನಿಸಿತು. ಯಾಕೆ ಅಂತ ತಿಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳು ತಟ್ಟಿಸಿದಳು, ಮುಂಗೈ ತಿರುಗಿಸಿ ಅಂದಳು, ಕಾರಿಡಾರಿನಲ್ಲಿ ನಡೆಸಿದಳು. ನಡೆಯುವಾಗ ನನ್ನ ಬಲಗೈ ಬೀಸುತ್ತಲೇ ಇಲ್ಲ ಎಂದು ಅವಳು ಹೇಳಿದಾಗ ನನಗೆ ನಾಚಿಕೆಯಾಯಿತು. ಬೇರೆಯವರ ಮೈಯಲ್ಲಾಗಿದ್ದರೆ ಬೀದಿ ಆಚೆಯಿಂದಲೇ ಹಿಡಿಯುತ್ತಿದ್ದೆ. ಆಮೇಲೆ ಅವಳು ನನ್ನನ್ನು ಬಿಟ್ಟು ವನಜಾಳ ಕಡೆ ತಿರುಗಿದಳು.

‘ಇವರು ಮೊದಲಿಂದಲೂ ಹೀಗೇ ಸೀರಿಯಸ್ಸಾ ಅಮ್ಮ? ನಗೋದು ಕಡಿಮೇನಾ?’

ವನಜಾ ಸೆರಗಿನ ಚುಂಗು ನೋಡುತ್ತಾ ಅಂದಳು, ‘ಇಲ್ಲ ಡಾಕ್ಟ್ರೇ. ಮೊದ್ಲು ಚೆನ್ನಾಗಿ ನಗೋರು. ನಾನು ಗಾಡಿ ಕಲ್ತಾಗಿಂದ ನನ್ ಮೇಲೆ ಬೇಜಾರು. ಮುಖ ಕೊಟ್ಟು ಮಾತಾಡಲ್ಲ.’

ಪಾರ್ಕಿನ್ಸನ್ ಎಂಬ ಹೆಸರನ್ನು ಅವತ್ತೇ ಕೇಳಿದೆ. ಆದರೆ ಕಿವಿಯಲ್ಲಿ ಉಳಿದದ್ದು ಆ ಹೆಸರಲ್ಲ, ವನಜಾಳ ಆ ಮಾತು. ಈ ಕಾಯಿಲೆಯಲ್ಲಿ ಮುಖದ ಮಾಂಸಖಂಡಗಳೂ ಬಿಗಿಯುತ್ತವೆ, ಒಳಗೆ ಏನೇ ಇದ್ದರೂ ಹೊರಗೆ ಕಾಣುವುದಿಲ್ಲ, ಮನೆಯವರು ಸಿಟ್ಟು ಅಂದುಕೊಳ್ಳುತ್ತಾರೆ ಎಂದು ಡಾಕ್ಟರ್ ನಿಧಾನವಾಗಿ ವನಜಾಳಿಗೇ ಹೇಳಿದಳು. ಅಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದದ್ದು ಅವಳು ಗಾಡಿ ಕಲಿತ ದಿನ. ತಮ್ಮ ಹೋದ ಮೇಲೆ ಮಂಕಾಗಿ ಕೂತವಳು, ಐವತ್ತು ದಾಟಿದವಳು, ಒಂದು ದಿನ ಸೆರಗು ಬಿಗಿದು ಸ್ಕೂಟಿ ಏರಿ ನಮ್ಮ ಬೀದಿಯಲ್ಲಿ ಅತ್ತಿಂದಿತ್ತ ಓಡಿಸಿದಳು. ಅವಳ ಬೆನ್ನು ಎಷ್ಟು ನೆಟ್ಟಗಿತ್ತು! ಗೇಟಿನಲ್ಲಿ ನಿಂತು ನಾನು ಬ್ರಾವೋ, ಬ್ರಾವೋ ಅಂದುಕೊಳ್ಳುತ್ತಿದ್ದೆ. ಅಂದುಕೊಂಡದ್ದು ಮುಖದ ಮೇಲೂ ಬಂದಿದೆ ಎಂದೇ ನನ್ನ ನಂಬಿಕೆ. ಕೆಲವು ತಿಂಗಳಿಗೆ ಅವಳು ಗಾಡಿ ಮುಟ್ಟುವುದನ್ನೇ ಬಿಟ್ಟಳು. ಮಂಡಿನೋವು ಇರಬೇಕು ಅಂದುಕೊಂಡು, ಕೇಳಿದರೆ ನೊಂದಾಳು ಅಂತ ನಾನೂ ಸುಮ್ಮನಿದ್ದೆ.

ವಾಪಸ್ ಬಸ್ಸಿನಲ್ಲಿ ಕೊರಟಗೆರೆ ದಾಟಿದೆವು. ಚನ್ನರಾಯನದುರ್ಗದ ಬೆಟ್ಟ ದೂರದಲ್ಲಿ ಕಾಣಿಸಿದಾಗ ನಾನೇ ಬಾಯಿ ಬಿಟ್ಟೆ. ‘ಅವತ್ತು ನಾನು ನಗ್ತಾ ಇದ್ದೆ ಕಣೇ ವನಜಾ.’

‘ಒಳಗೊಳಗೇ ನಕ್ರೆ ನಂಗೆ ಹೆಂಗ್ ಗೊತ್ತಾಗ್ಬೇಕು ಅಕ್ಕ?’ ಅಂದಳು. ಅವಳು ಅಳುತ್ತಿದ್ದಳು.

ಕಾಯಿಲೆಯ ಹೆಸರು ಗೊತ್ತಾದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಎಣಿಸಿದ್ದೆ. ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಈ ಕಾಯಿಲೆ ಇದ್ದರೆ ಅವರಿಗೆ ಫ್ರಾಂಕ್ ಆಗಿ ಹೇಳುತ್ತೇನೆ, ಹಾಗೆ ಆಗುವುದಿಲ್ಲ. ಮಾತ್ರೆಗಳು ಕೈಗೆ ಸ್ವಲ್ಪ ಬಿಡುವು ಕೊಟ್ಟವು, ನಡಿಗೆ ಹಗುರಾಯಿತು. ಮುಖಕ್ಕೆ ಅಷ್ಟಾಗಿ ಏನೂ ಆಗಲಿಲ್ಲ. ಫಿಸಿಯೋಥೆರಪಿಯವರು ಕನ್ನಡಿ ಮುಂದೆ ನಿಂತು ಬಾಯಿ ಅಗಲಿಸಿ ನಗುವ ಎಕ್ಸರ್‌ಸೈಜ್ ಹೇಳಿಕೊಟ್ಟರು. ಒಂದು ಬೆಳಿಗ್ಗೆ ಹೀಗೆ ನಗುವನ್ನು ಎಳೆದು ಹಿಡಿದುಕೊಂಡಿದ್ದಾಗ ವನಜಾ ಕಾಫಿ ತಂದಳು. ನನ್ನನ್ನು ನೋಡಿ ಲೋಟ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಹೋದಳು. ಆಮೇಲೆ ಕ್ಷಮೆ ಕೇಳಿದಳು. ಅವಳು ಕ್ಷಮೆ ಕೇಳಿದ್ದಕ್ಕೆ ನನಗೆ ಹೆಚ್ಚು ನೋವಾಯಿತು.

‘ಕಾಯಿಲೆ ಅಂತ ಗೊತ್ತು ಅಕ್ಕ, ಡಾಕ್ಟ್ರು ಹೇಳಿದ್ದು ಪ್ರತಿಯೊಂದೂ ನೆನಪೈತೆ,’ ಅಂದಳು ಒಂದು ದಿನ. ‘ಆದ್ರೆ ಮುಖ ನೋಡಿದ ತಕ್ಷಣ ಕಾಲು ತಾನಾಗೇ ಹಿಂದಕ್ಕೆ ಹೋಗುತ್ತೆ. ನಮ್ಮಪ್ಪ ಹೊಡೆಯೋಕ್ ಮುಂಚೆ ಹಿಂಗೇ ಸುಮ್ನೆ ನೋಡೋನು.’

ಅವಳು ಪಾವಗಡದವಳು. ಅಲ್ಲಿ ಅವಳ ಅಕ್ಕ ಇದ್ದಾಳೆ. ಫೋನಿನಲ್ಲಿ ಇಬ್ಬರದೂ ತೆಲುಗು. ಒಂದು ಮಧ್ಯಾಹ್ನ ಅಡಿಗೆಮನೆಯಿಂದ ಅವಳ ದನಿ ಕೇಳಿಸಿತು, ‘ವಸ್ತಾನ್ ಲೇ ಅಕ್ಕಾ, ವಸ್ತಾನ್.’ ಬರ್ತೀನಿ ಬಿಡು ಅಕ್ಕ, ಬರ್ತೀನಿ. ಅಷ್ಟು ತೆಲುಗು ನನಗೂ ಬರುತ್ತದೆ. ಎಷ್ಟು ದಿನಕ್ಕೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೋಗಬೇಡ ಅನ್ನುವ ಹಕ್ಕು ನನಗೇನಿತ್ತು? ಹೆದರಿಕೊಂಡು ಒಂದು ಮನೆಯಲ್ಲಿ ಯಾರೂ ಇರಬಾರದು. ಆದರೆ ಅವಳಿಲ್ಲದ ಆ ಮನೆಯನ್ನು ನೆನೆದುಕೊಂಡರೆ ನನ್ನ ಕೈಕಾಲು ಮಾತ್ರೆ ಹಾಕಿದ ಮೇಲೂ ಬಿಗಿಯುತ್ತಿದ್ದವು. ಅಡಿಗೆಗೆ ಯಾರನ್ನಾದರೂ ಇಟ್ಟುಕೊಳ್ಳಬಹುದಿತ್ತು. ಅಂಗಡಿಯವನ ಹಾಗೆ, ಟಿವಿಯಲ್ಲಿ ಬರುವವರ ಹಾಗೆ ಅಣಕ ಮಾಡಿ ವನಜಾಳಂತೆ ನನ್ನನ್ನು ನಗಿಸುವವಳನ್ನು ಎಲ್ಲಿಂದ ತರಲಿ? ನಾನು ನಗುತ್ತಿದ್ದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ ಎಂಬುದು ಬೇರೆ ಮಾತು.

ಆ ವಾರವೇ ಸಿರಾದಿಂದ ಮೆಹರುನ್ನಿಸಾ ಫೋನ್ ಮಾಡಿದಳು. ನಮ್ಮ ಸ್ಕೂಲಿನಲ್ಲೇ ಉರ್ದು ಟೀಚರ್ ಆಗಿದ್ದವಳು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ. ಅವರ ಮನೆಯಲ್ಲಿ ಗೋಡೆಗೆ ಮನುಷ್ಯರ ಚಿತ್ರ ಹಾಕುವುದಿಲ್ಲ. ಆದರೂ ನಾನು ಬರೆಯುವಾಗ ಆರಾಮಾಗಿ ಕೂರುತ್ತಿದ್ದಳು; ಮುಖ ಇಲ್ಲವಲ್ಲ, ಬರ್ಕೊಳ್ಳಿ ಅನ್ನುತ್ತಿದ್ದಳು. ಬನ್ನಿ, ಇಬ್ಬರೂ ಬನ್ನಿ ಎಂದು ಹಟ ಹಿಡಿದಳು. ಹೋದೆವು. ಉಂಡಾದ ಮೇಲೆ ನಾನು ಎಲ್ಲ ಹೇಳಿಕೊಂಡೆ. ವನಜಾ ತಲೆ ತಗ್ಗಿಸಿ ಎಲೆಯಡಿಕೆ ತಟ್ಟೆಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಿದ್ದಳು. ಮೆಹರ್ ಅಯ್ಯೋ ಪಾಪ ಅನ್ನುತ್ತಾಳೆಂದು ಕಾದರೆ ಅವಳಿಗೆ ನಗು ಬಂತು.

‘ಕ್ಯಾ ಟೀಚರ್, ನಿಮಗೆ ಈಗ ಬಂತಾ ಈ ಪ್ರಾಬ್ಲಮ್ಮು? ಮದುವೆ ಆದಾಗಿಂದ ನಾನು ಮುಖ ಮುಚ್ಕೊಂಡೇ ಬಜಾರಿಗೆ ಹೋಗ್ತೀನಿ. ನಮ್ಮ ಸೊಸೆ ಬೀದಿ ಕೊನೇಲಿ ನನ್ನ ನೋಡಿ, ಅಮ್ಮಿ ಗುಸ್ಸಾದಲ್ಲಿ ಬರ್ತಾವ್ರೆ ಅಂತ ಮಕ್ಕಳನ್ನ ಒಳಗೆ ಕರ್ಕೋತಾಳೆ. ನಂಗೆ ಸಿಟ್ಟು ಬಂದೈತೆ ಅಂತ ಅವಳಿಗೆ ಯಾರು ಹೇಳಿದ್ರು? ನನ್ನ ಚಪ್ಪಲಿ ಹೇಳಿತಾ?’ ಆಮೇಲೆ ವನಜಾಳ ಮೊಣಕಾಲಿಗೆ ಮೆಲ್ಲಗೆ ತಟ್ಟಿ, ‘ನೋಡಮ್ಮ, ನೀನು ಇವರ ಮುಖ ನೋಡ್ಲೇಬೇಡ. ಅದು ರಜಾ ಮೇಲೆ ಹೋಗಿದೆ. ಬಾಕಿ ಎಲ್ಲ ಡ್ಯೂಟಿ ಮಾಡ್ತಾ ಇದೆ,’ ಅಂದಳು.

ವನಜಾ ನಕ್ಕಳು. ನಾನೂ ನಕ್ಕೆ, ಅಂದರೆ ನನ್ನ ಮಟ್ಟಿಗೆ. ಬಸ್ಸಿನಲ್ಲಿ ಬರುವಾಗ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಮುಖ ಬಿಟ್ಟು ಮನುಷ್ಯರನ್ನು ನೋಡುವ ಒಂದೇ ಒಂದು ವಿದ್ಯೆ ನನಗೆ ಗೊತ್ತಿರುವುದು. ಅದನ್ನು ಸ್ಕೂಲಿನಲ್ಲಿ ಎಷ್ಟೋ ಮಕ್ಕಳಿಗೆ ಬಿಡುವಿನ ಪೀರಿಯಡ್ಡಿನಲ್ಲಿ ಕಲಿಸಿದ್ದೆ. ಮನೆಯಲ್ಲಿ ಅದರ ಮಾತೇ ಎತ್ತಿರಲಿಲ್ಲ.

ಮರುದಿನ ಹಳೇ ಪೇಪರು, ಒಂದು ಇದ್ದಿಲ ಕಡ್ಡಿ ವನಜಾಳ ಮುಂದಿಟ್ಟೆ. ನನ್ನನ್ನು ಬರೆ ಅಂದೆ.

‘ಅಮ್ಮೋ, ನಂಗೆ ರಂಗೋಲಿ ಬಿಟ್ಟು ಇನ್ನೇನೂ ಬರಲ್ಲ.’

‘ರಂಗೋಲೀನೇ ಹಾಕು.’

ನಾನು ತಮಾಷೆಗೆ ಅಂದದ್ದನ್ನು ಅವಳು ಹಾಗೇ ಮಾಡಿದಳು. ಮೊದಲು ಚುಕ್ಕಿ ಇಟ್ಟಳು. ತಲೆಗೊಂದು, ಭುಜಗಳಿಗೆ ಎರಡು, ಸೊಂಟಕ್ಕೆ, ಮಂಡಿಗೆ, ಪಾದಕ್ಕೆ. ನನ್ನನ್ನು ನೋಡಿ ಚುಕ್ಕಿ ಇಡುವುದು, ಮತ್ತೆ ನೋಡುವುದು. ಸಿಸ್ಟರ್ ಬೆನೆಡಿಕ್ಟಾ ಕಂಡಿದ್ದರೆ ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ನಮಗೆ ಚುಕ್ಕಿಗಿಕ್ಕಿ ಏನೂ ಇರಲಿಲ್ಲ, ಬರೀ ಓಟ. ನಾನೂ ಹಾಗಲ್ಲ ಕಣೇ ಅನ್ನಲು ಹೋದೆ. ‘ಚುಕ್ಕಿ ಇಡ್ದೆ ಗೆರೆ ಹೆಂಗೆ ನಿಲ್ಲುತ್ತೆ?’ ಎಂದು ನನ್ನನ್ನೇ ಕೇಳಿದಳು. ಹೊಸಿಲ ಮುಂದೆ ಬಗ್ಗಿದ ಹಾಗೆ ಪೇಪರಿನ ಮೇಲೆ ಬಗ್ಗಿ, ಉಸಿರು ಹಿಡಿದು ಚುಕ್ಕಿ ಕೂಡಿಸಿದಳು.

ಚಿತ್ರ ನೋಡಿದವರಿಗೆ ಅದು ನಾನೋ ಮನೆಯ ಕೊಡೆಯೋ ಹೇಳಲು ಬರುತ್ತಿರಲಿಲ್ಲ. ವನಜಾ ಮಾತ್ರ ಅದನ್ನು ದೂರ ಹಿಡಿದು ನೋಡಿದಳು, ಕುರ್ಚಿಯಲ್ಲಿದ್ದ ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ತಲೆಯ ಚುಕ್ಕಿ ಸೊಂಟದ ಚುಕ್ಕಿಯ ನೇರಕ್ಕಿರದೆ ತುಂಬ ಮುಂದೆ ಬಿದ್ದಿತ್ತು, ಅವಳು ಕೂತಿದ್ದ ಕಡೆಗೆ.

‘ತಪ್ಪಾಗಿ ಇಟ್ಟೆ ಅಂದ್ಕೊಂಡೆ,’ ಅಂದಳು. ‘ತಪ್ಪಿಲ್ಲ. ಅಕ್ಕ, ನೀವು ನನ್ ಕಡೀಕೆ ವಾಲ್ಕೊಂಡು ಕೂತಿದೀರ.’

‘ಯಾವಾಗ್ಲೂ ಹಾಗೇ ಕೂತ್ಕೋತೀನಿ,’ ಅಂದೆ.

ಅವಳು ಆಮೇಲೆ ಪಾವಗಡಕ್ಕೆ ಹೋಗಿದ್ದೂ ನಿಜ. ಅಕ್ಕನ ಮನೆಯಲ್ಲಿ ಒಂದು ಹಬ್ಬ ಮುಗಿಸಿಕೊಂಡು, ಮನೆ ಹುಣಿಸೆಹಣ್ಣು ಕಟ್ಟಿಸಿಕೊಂಡು ವಾಪಸ್ ಬಂದಳು. ಬಂದವಳು ಚಪ್ಪಲಿ ಬಿಡುವ ಮುಂಚೆ ಬಾಗಿಲಲ್ಲೇ ನಿಂತು ನನ್ನನ್ನು ಕಾಲಿನಿಂದ ಮೇಲಕ್ಕೆ ನೋಡಿ, ‘ಸರಿ, ಖುಷಿಯಾಗೇ ಇದೀರ,’ ಅಂತ ಸರ್ಟಿಫಿಕೇಟ್ ಕೊಟ್ಟಳು. ಸ್ಕೂಟಿ ಈಗ ಮತ್ತೆ ಬೀದಿಗಿಳಿದಿದೆ.

ಕಾಯಿಲೆಯೂ ಇದೆ, ನಮ್ಮ ಜೊತೆಯೇ. ಒಮ್ಮೊಮ್ಮೆ ಬಾಗಿಲ ಹತ್ತಿರ ಬಂದ ಕೂಡಲೇ ನನ್ನ ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ಎತ್ತು ಅಂದರೆ ಏಳುವುದಿಲ್ಲ. ನೆಲದ ಮೇಲೆ ಗೆರೆ ಇದ್ದರೆ ದಾಟುವುದು ಸುಲಭ ಅಂತ ಫಿಸಿಯೋದವರು ಹೇಳಿದ್ದರು. ವನಜಾ ಹಜಾರದಲ್ಲಿ ರಂಗೋಲಿ ಪುಡಿಯಿಂದ ಅಡ್ಡಗೆರೆ ಎಳೆದಳು. ಗೆರೆ ದಾಟಿಕೊಂಡು ಕುಂಟಾಬಿಲ್ಲೆ ಆಡುವವಳ ಹಾಗೆ ಬಚ್ಚಲಿಗೆ ಹೋಗುತ್ತೇನೆ. ಔಷಧಿ ಅಂಗಡಿಯವನು ಕೇಳದೆಯೇ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಿಕೊಡುತ್ತಾನೆ. ಕಂಡಕ್ಟರ್ ಒಬ್ಬ ನಾನು ಮೆಟ್ಟಿಲು ಹತ್ತುವ ತನಕ ವಿಷಲ್ ಊದದೆ ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾನೆ. ಈಗಲೂ ಬರೆಯುತ್ತೇನೆ. ಮಾತ್ರೆ ಕೆಲಸ ಮಾಡುವ ಹೊತ್ತು ನೋಡಿಕೊಂಡು, ದೊಡ್ಡ ಪೇಪರನ್ನು ಗೋಡೆಗೆ ಅಂಟಿಸಿ, ಭುಜದಿಂದ ಕೈ ಬೀಸಿ. ಗೆರೆ ನಡುಗುತ್ತದೆ. ನಡುಗುವ ಗೆರೆಯಲ್ಲಿ ನಿಂತವರು ಉಸಿರಾಡುವ ಹಾಗೆ ಕಾಣಿಸುತ್ತಾರೆ ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಮೊನ್ನೆಯ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕೊರಟಗೆರೆಯಲ್ಲಿ ನಮ್ಮ ಸಂಬಂಧದಲ್ಲಿ ಒಂದು ಮದುವೆ. ಕರೆಯಲು ಅವರು ಫೋನ್ ಮಾಡಿದಾಗ ವನಜಾ ನನ್ನನ್ನು ಒಂದು ಮಾತೂ ಕೇಳದೆ, ಅಕ್ಕನ ಕೈಲಾಗಲ್ಲ, ನಾನೊಬ್ಳೇ ಬರ್ತೀನಿ ಎಂದು ಹೇಳಿಬಿಟ್ಟಳು. ಜಗಲಿಯಲ್ಲಿ ಕೂತಿದ್ದ ನನಗೆ ಕೇಳಿಸಿತು. ನಾನು ಎದ್ದು ಹಿತ್ತಿಲಿಗೆ ಹೋಗಿ ಬೆಟ್ಟದ ಕಡೆ ಮುಖ ಮಾಡಿ ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಒಗೆದ ಬಟ್ಟೆಯ ಬಕೆಟ್ ತಂದಳು. ಒಂದು ಸೀರೆ ಹರವಿದ್ದು ಕೇಳಿಸಿತು. ಎರಡನೆಯದು ಕೇಳಿಸಲಿಲ್ಲ. ಅವಳು ನನ್ನ ಬೆನ್ನ ಹಿಂದೆ ಬಂದು ನಿಂತಳು.

‘ಅಕ್ಕ, ಇದು ಕಾಯಿಲೆ ಅಲ್ಲ,’ ಅಂದಳು. ‘ಇದು ಕೋಪ. ಭುಜ ಎರಡೂ ಕಿವಿ ಹತ್ರ ಹೋಗವೆ. ಆ ಎಡಗಾಲು ಹೆಂಗ್ ಊರಿದೀರ ನೋಡ್ಕೊಳ್ಳಿ.’

‘ಹೌದು,’ ಅಂದೆ.

‘ನನ್ ಮೇಲೇನಾ?’

‘ಮತ್ತಿನ್ಯಾರ ಮೇಲೆ?’

ಅವಳು ಬಕೆಟ್ ಅಲ್ಲೇ ಬಿಟ್ಟಳು. ಒಳಗಿನಿಂದ ನನಗೊಂದು ಕುರ್ಚಿ ತಂದು ಹಾಕಿ, ಒಗೆಯುವ ಕಲ್ಲಿನ ಮೇಲೆ ತಾನು ಕೂತಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅವಳ ಭುಜದಲ್ಲೂ ಇರಲಿಲ್ಲ, ಅದನ್ನೂ ನೋಡಿಕೊಂಡೆ. ಇಷ್ಟು ದಿನ ನನಗೆ ಬಾರದ ಕೋಪಕ್ಕೆ ಇವಳು ನಡುಗಿದ್ದಳು. ನಿಜವಾಗಿ ಬಂದದ್ದು ಇದೊಂದು, ಇದಕ್ಕೆ ಕುರ್ಚಿ ಹಾಕಿ ಕೂರಿಸಿದ್ದಳು.

ನನ್ನ ದನಿಯೂ ಇತ್ತೀಚೆಗೆ ಕುಗ್ಗಿದೆ. ಒಂದು ಮಾರು ದೂರದಲ್ಲಿದ್ದವರಿಗೆ ಕೇಳಿಸುವುದಿಲ್ಲ. ನಾನು ಶುರು ಮಾಡಿದ್ದು ಅವಳಿಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ. ಕಲ್ಲಿನಿಂದ ಎದ್ದು ಬಂದು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಳು, ಒದ್ದೆ ಕೈಯಿಂದ ಕೂದಲು ಹಿಂದಕ್ಕೆ ಸರಿಸಿ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.

‘ಹೂಂ,’ ಅಂದಳು. ‘ಈಗ ಬಯ್ಯಿರಿ.’

ಮನಸಾರೆ ಬೈದೆ.